ಮನೆಯಲ್ಲಿ ಡ್ಯಾನ್ಸ್ ಮ್ಯಾಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ನಮ್ಮ ಮನೆಯ ಹಾಲಿನಲ್ಲಿ ಕೆಲವು ವರ್ಷಗಳಿಂದ ಒಂದು ಡ್ಯಾನ್ಸ್ ಮ್ಯಾಟ್ ಹಾಸಿಕೊಂಡೇ ಇರುತ್ತದೆ. ಮನೆಗೆ ಬಂದವರು ಮೊದಲು ನಗುತ್ತಾರೆ, ಆಮೇಲೆ ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಂದು ಕಾಲಿಟ್ಟು ನೋಡುತ್ತಾರೆ, ಅದಾದ ಮೇಲೆ ಪ್ರಶ್ನೆ ಕೇಳುತ್ತಾರೆ. ಅವರು ಕೇಳಿದ್ದನ್ನೂ, ಸಿರಸಿ ಕಡೆಯ ನೆಂಟರು ಮತ್ತು ಅಂಕೋಲೆ, ಕುಮಟೆಯ ಪರಿಚಿತರು ಫೋನಿನಲ್ಲಿ, ಪತ್ರದಲ್ಲಿ ವಿಚಾರಿಸಿದ್ದನ್ನೂ ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ.

## ಆರಂಭಿಸುವ ಮುನ್ನ

ಡ್ಯಾನ್ಸ್ ಮ್ಯಾಟ್ ಎಂದರೆ ಏನು? ನಾನು ಎಲ್ಲಿ ಕಾಲಿಟ್ಟೆ ಎಂಬುದು ಟಿವಿಗೆ ಹೇಗೆ ಗೊತ್ತಾಗುತ್ತದೆ?

ಸುಮಾರು ಮೂರಡಿ ಉದ್ದಗಲದ ಚಾಪೆಯ ಮೇಲೆ ಎಡ, ಬಲ, ಮುಂದೆ, ಹಿಂದೆ ಎಂದು ನಾಲ್ಕು ಬಾಣಗಳಿರುತ್ತವೆ. ಹಾಡು ಸಾಗುತ್ತಿದ್ದಂತೆ ಪರದೆಯ ಕೆಳಗಿನಿಂದ ಬಾಣಗಳು ಮೇಲೇರುತ್ತವೆ. ಮೇಲ್ತುದಿಯಲ್ಲಿ ನಿಂತಿರುವ ಬಾಣದ ಅಚ್ಚಿನೊಳಗೆ ಅವು ಕೂರುವ ಕ್ಷಣದಲ್ಲಿ, ಚಾಪೆಯ ಮೇಲಿನ ಅದೇ ಬಾಣದ ಮೇಲೆ ನಿಮ್ಮ ಪಾದ ಬೀಳಬೇಕು. ಚಾಪೆಯೊಳಗೆ ವಿದ್ಯುತ್ ಹರಿಯಬಲ್ಲ ಎರಡು ಪದರಗಳಿದ್ದು, ಅವುಗಳ ನಡುವೆ ತೂತುಗಳಿರುವ ತೆಳುವಾದ ಸ್ಪಂಜು ಇರುತ್ತದೆ. ಕಾಲಿಟ್ಟಾಗ ತೂತಿನ ಮೂಲಕ ಎರಡೂ ಪದರಗಳು ಒಂದನ್ನೊಂದು ಮುಟ್ಟುತ್ತವೆ, ಸ್ವಿಚ್ ಒತ್ತಿದಂತಾಗುತ್ತದೆ. ನೀವು ಎಷ್ಟು ಜೋರಾಗಿ ತುಳಿದಿರಿ, ಎಷ್ಟು ಚೆಂದವಾಗಿ ಕುಣಿದಿರಿ ಎಂಬುದು ಯಂತ್ರಕ್ಕೆ ತಿಳಿಯುವುದೇ ಇಲ್ಲ. ಯಾವ ಬಾಣ, ಯಾವ ಕ್ಷಣ ಎಂಬ ಎರಡು ವಿಷಯಗಳಷ್ಟೇ ಅದಕ್ಕೆ ಬೇಕಾದದ್ದು.

ಕಾಲಿನಿಂದ ಆಡುವ ಚಾಪೆ 1986ರಷ್ಟು ಹಿಂದೆಯೇ ಬಂದಿತ್ತು. ಜಪಾನಿನ ಬಂದಾಯ್ ಕಂಪನಿ ಅದನ್ನು ಫ್ಯಾಮಿಲಿ ಟ್ರೇನರ್ ಎಂಬ ಹೆಸರಿನಲ್ಲಿ ಹೊರತಂದಿತು, ಆದರೆ ಅದು ಓಡುವ, ಜಿಗಿಯುವ ಆಟಗಳ ಚಾಪೆಯಾಗಿತ್ತು. ಹಾಡಿಗೆ ಹೆಜ್ಜೆ ಹಾಕುವ ಈಗಿನ ರೂಪವನ್ನು ಮನೆಮಾತಾಗಿಸಿದ್ದು ಕೊನಾಮಿ ಕಂಪನಿಯು 1998ರಲ್ಲಿ ಆಟದಂಗಡಿಗಳಿಗಾಗಿ, ಅಂದರೆ ಹಣ ಹಾಕಿ ಯಂತ್ರಗಳಲ್ಲಿ ಆಡುವ ಆರ್ಕೇಡುಗಳಿಗಾಗಿ, ತಂದ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್. ಮರುವರ್ಷವೇ ದಕ್ಷಿಣ ಕೊರಿಯಾದ ಆಂಡಮಿರೊ ಕಂಪನಿ ಪಂಪ್ ಇಟ್ ಅಪ್ ಎಂಬ ಆಟವನ್ನು ತಂದಿತು. ಅದರಲ್ಲಿ ನಾಲ್ಕು ಮೂಲೆಗಳಲ್ಲಿ ನಾಲ್ಕು ಮತ್ತು ನಡುವೆ ಒಂದು, ಒಟ್ಟು ಐದು ಗುರುತುಗಳು. ಮ್ಯಾಟ್ ಕೊಳ್ಳುವಾಗ ಈ ವ್ಯತ್ಯಾಸ ನೆನಪಿನಲ್ಲಿರಲಿ, ಏಕೆಂದರೆ ಒಂದರ ಹೆಜ್ಜೆಗಳು ಇನ್ನೊಂದರ ಚಾಪೆಗೆ ಹೊಂದುವುದಿಲ್ಲ.

ನನಗೆ ಡ್ಯಾನ್ಸ್ ಬರುವುದಿಲ್ಲ, ನಾಚಿಕೆಯೂ ಹೌದು. ಆದರೂ ಆಡಬಹುದೇ?

ಖಂಡಿತ ಆಡಬಹುದು. ಹೆಸರಿನಲ್ಲಿ ಡ್ಯಾನ್ಸ್ ಇದ್ದರೂ ಈ ಆಟದಲ್ಲಿ ಕೈಯ ಮುದ್ರೆಯಿಲ್ಲ, ಮುಖದ ಭಾವವಿಲ್ಲ. ಇರುವುದು ತಾಳ ಮಾತ್ರ. ರಾತ್ರಿಯಿಡೀ ಯಕ್ಷಗಾನ ನೋಡುತ್ತ ಕುಳಿತಲ್ಲೇ ತೊಡೆ ತಟ್ಟುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. ಅವರ ಕೈಗೆ ಗೊತ್ತಿರುವುದನ್ನೇ ಕಾಲಿಗೆ ಕಲಿಸಿದರೆ ಅರ್ಧ ಕೆಲಸ ಮುಗಿಯಿತು. ನಾಚಿಕೆಗೆ ಮೊದಲ ವಾರ ಕಿಟಕಿಯ ಪರದೆ ಎಳೆದುಕೊಳ್ಳುವುದೊಂದೇ ನನಗೆ ಗೊತ್ತಿರುವ ಉಪಾಯ.

ಯಾವ ಸಾಮಾನು ಬೇಕು? ಮಗನ ಹಳೆಯ ಲ್ಯಾಪ್‌ಟಾಪ್ ಇದೆ, ಅದು ಸಾಕೇ?

ಸಾಕು. ಯುಎಸ್‌ಬಿ ತಂತಿಯ ಮ್ಯಾಟ್ ಒಂದು, ಲ್ಯಾಪ್‌ಟಾಪ್ ಒಂದು, ಅದನ್ನು ಟಿವಿಗೆ ಜೋಡಿಸಲು ಎಚ್‌ಡಿಎಂಐ ಕೇಬಲ್ ಒಂದು ಇದ್ದರೆ ಆಯಿತು. ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ: ಸ್ಟೆಪ್‌ಮೇನಿಯಾ ಎಂಬ ಮುಕ್ತ ತಂತ್ರಾಂಶ ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಹಳೆಯ ಯಂತ್ರಕ್ಕೂ ಭಾರವಾಗುವುದಿಲ್ಲ. ಅದರಿಂದಲೇ ಕವಲೊಡೆದ ಐಟಿಜಿಮೇನಿಯಾ, ಪ್ರಾಜೆಕ್ಟ್ ಔಟ್‌ಫಾಕ್ಸ್ ಎಂಬವೂ ಇವೆ. ಮೊದಲ ಬಾರಿ ಯಾವುದನ್ನು ಹಾಕಿಕೊಂಡರೂ ನಡೆಯುತ್ತದೆ.

ಆಟಿಕೆ ಅಂಗಡಿಗಳಲ್ಲಿ ನೇರವಾಗಿ ಟಿವಿಗೆ ಸಿಕ್ಕಿಸುವ, ಆಟವೂ ಹಾಡೂ ಒಳಗೇ ಇರುವ ಮ್ಯಾಟ್‌ಗಳು ಸಿಗುತ್ತವೆ. ಕಂಪ್ಯೂಟರಿನ ಗೊಡವೆಯೇ ಬೇಡ ಎನ್ನುವವರಿಗೆ ಅವು ಸರಿ, ಆದರೆ ಒಳಗಿರುವ ಹಾಡುಗಳು ಮುಗಿದ ಮೇಲೆ ಹೊಸದನ್ನು ಸೇರಿಸಲು ಸಾಮಾನ್ಯವಾಗಿ ಬರುವುದಿಲ್ಲ. ನಮ್ಮ ಮನೆಗೆ ಮೊದಲು ಬಂದದ್ದು ಅಂಥದ್ದೇ, ಮಕ್ಕಳು ಒಂದು ತಿಂಗಳಿಗೆ ಬೇಸತ್ತರು. ಕಂಪ್ಯೂಟರ್ ಬಳಸುವ ಮನಸ್ಸಿದ್ದರೆ ಪೆಟ್ಟಿಗೆಯ ಮೇಲೆ ಯುಎಸ್‌ಬಿ ಎಂದು ಬರೆದಿರುವುದನ್ನು ನೋಡಿಯೇ ಕೊಳ್ಳಿ. ಇನ್ನು, ಜಸ್ಟ್ ಡ್ಯಾನ್ಸ್ ಎಂಬ ಆಟಕ್ಕೂ ಮ್ಯಾಟ್ ಬೇಕೇ ಎಂದು ಹಲವರು ಕೇಳುತ್ತಾರೆ. ಬೇಡ. ಅದು ಕೈಯಲ್ಲಿ ಹಿಡಿದ ಫೋನ್ ಅಥವಾ ನಿಯಂತ್ರಕದ ಚಲನೆಯನ್ನು ನೋಡುತ್ತದೆ, ಪಾದದ ಗೊಡವೆಗೆ ಹೋಗುವುದಿಲ್ಲ.

## ನೆಲ, ಸದ್ದು, ಮಳೆ

ನಮ್ಮದು ಹಳೆಯ ಹಂಚಿನ ಮನೆ. ಮೆತ್ತಿನ ಮೇಲೆ ಜಾಗ ಇದೆ, ಅಲ್ಲಿ ಕುಣಿಯಬಹುದೇ?

ಹಲಗೆಯ ಮೆತ್ತು ಹೆಜ್ಜೆಗೆ ಸ್ವಲ್ಪ ಬಾಗಿ ಕೊಡುವುದರಿಂದ ಮಂಡಿಗೆ ಸಿಮೆಂಟಿಗಿಂತ ಹಿತವೇ, ಆದರೆ ನಿಮ್ಮ ಮೆತ್ತಿನ ತೊಲೆಗಳಿಗೆ ಗೆದ್ದಲು ಹಿಡಿದಿಲ್ಲ ಎಂಬುದನ್ನು ಬಡಗಿಯೊಬ್ಬರಿಂದ ನೋಡಿಸದೆ ಅಲ್ಲಿ ಜಿಗಿಯಬೇಡಿ. ಅಡಿಕೆ ಮೂಟೆ ಸುಮ್ಮನೆ ಕುಳಿತಿರುವ ಭಾರ. ಕುಣಿಯುವವರದು ಎತ್ತಿ ಎತ್ತಿ ಹಾಕುವ ಭಾರ. ಮೂಟೆ ತಡೆದ ಮೆತ್ತು ನಿಮ್ಮನ್ನೂ ತಡೆಯುತ್ತದೆ ಎಂದುಕೊಳ್ಳುವಂತಿಲ್ಲ.

ಕೆಳಗಿನ ಕೆಂಪು ಸಿಮೆಂಟಿನ ನೆಲ ಗಟ್ಟಿ, ಆದರೆ ತಲೆಮಾರುಗಳಿಂದ ಒರೆಸಿ ಒರೆಸಿ ನುಣುಪಾಗಿರುತ್ತದೆ. ತೆಳುವಾದ ಮ್ಯಾಟ್ ಅದರ ಮೇಲೆ ಜಾರುತ್ತದೆ, ಹತ್ತು ಹಾಡಿನೊಳಗೆ ನೀವು ಟಿವಿಯಿಂದ ಒಂದು ಮೊಳ ದೂರ ಸರಿದಿರುತ್ತೀರಿ. ಯೋಗಕ್ಕೆ ಬಳಸುವ ರಬ್ಬರ್ ಚಾಪೆಯನ್ನು ಕೆಳಗೆ ಹಾಸಿ, ಅಥವಾ ಮ್ಯಾಟನ್ನು ಒಂದು ಪ್ಲೈವುಡ್ ಹಲಗೆಯ ಮೇಲೆ ಟೇಪಿನಿಂದ ಅಂಟಿಸಿ. ಹಾಸಿಗೆ, ದಪ್ಪ ಕಂಬಳಿ ಇವುಗಳ ಮೇಲಂತೂ ಬೇಡ, ಕಣಕಾಲು ಉಳುಕುತ್ತದೆ. ಸೆಗಣಿ ಸಾರಿಸಿದ ನೆಲವಿದ್ದರೆ ಪ್ಲೈವುಡ್ ಅನಿವಾರ್ಯ, ಇಲ್ಲದಿದ್ದರೆ ಮ್ಯಾಟಿಗಿಂತ ಮೊದಲು ನೆಲವೇ ಎದ್ದು ಬರುತ್ತದೆ.

ನಾವು ಎರಡನೇ ಮಹಡಿಯ ಫ್ಲ್ಯಾಟಿನಲ್ಲಿದ್ದೇವೆ. ಕೆಳಗಿನ ಮನೆಯವರು ಈಗಾಗಲೇ ಒಮ್ಮೆ ಬಂದು ಹೋದರು. ಏನು ಮಾಡಲಿ?

ಸದ್ದಿನಲ್ಲಿ ಹೆಚ್ಚಿನ ಪಾಲು ಎರಡೂ ಕಾಲು ಒಟ್ಟಿಗೆ ಬೀಳುವ ಜಿಗಿತಗಳದ್ದು. ಸ್ಟೆಪ್‌ಮೇನಿಯಾದ ಆಯ್ಕೆಗಳಲ್ಲಿ ಜಿಗಿತಗಳನ್ನು ತೆಗೆದುಹಾಕುವ ಸೌಲಭ್ಯವಿದೆ, ಸಂಜೆಯ ನಂತರ ಅದನ್ನು ಹಾಕಿಕೊಳ್ಳಿ. ಮಕ್ಕಳ ಕೋಣೆಗೆ ಹಾಸುವ, ಒಂದಕ್ಕೊಂದು ಕೂಡಿಸುವ ಗಟ್ಟಿ ಫೋಮ್ ಹಾಳೆಗಳ ಮೇಲೆ ಪ್ಲೈವುಡ್, ಅದರ ಮೇಲೆ ಮ್ಯಾಟ್ ಇಟ್ಟರೆ ಇನ್ನಷ್ಟು ತಗ್ಗುತ್ತದೆ. ಮಿಕ್ಕಿದ್ದು ನಿಮ್ಮ ಪಾದದ ಕೆಲಸ: ಹಿಮ್ಮಡಿ ಕುಟ್ಟದೆ ಪಾದದ ಮುಂಭಾಗದಿಂದ ಮುಟ್ಟಿದರೂ ಬಾಣ ದಾಖಲಾಗುತ್ತದೆ. ತುಳಿಯುವವರು ಹೊಸಬರು, ಮುಟ್ಟುವವರು ಹಳಬರು. ಕೆಳಗಿನ ಮನೆಯವರನ್ನು ಒಂದು ಸಂಜೆ ಆಟಕ್ಕೇ ಕರೆದುಬಿಡುವುದೂ ಒಂದು ದಾರಿ. ನಮ್ಮಲ್ಲಿ ಅದು ಫಲಿಸಿತು.

ಜೂನ್ ಬಂತೆಂದರೆ ಮ್ಯಾಟಿಗೆ ಬೂಷ್ಟು ಹಿಡಿಯುತ್ತದೆ, ಒಂದೆರಡು ಬಾಣ ಕೆಲಸ ನಿಲ್ಲಿಸುತ್ತವೆ. ಕರಾವಳಿಯಲ್ಲಿ ಇದನ್ನು ಉಳಿಸಿಕೊಳ್ಳುವುದು ಹೇಗೆ?

ಇದು ನಮ್ಮ ಕಡೆಯ ನಿಜವಾದ ಸಮಸ್ಯೆ. ಮ್ಯಾಟ್ ಜೊತೆಗೆ ಬರುವ ಸೂಚನೆಯ ಹಾಳೆ ಬರೆದವರು ಆಷಾಢದ ಕಾರವಾರವನ್ನು ನೋಡಿದಂತಿಲ್ಲ. ಹೊರಗಿನ ತೇವ, ಆಡುವವರ ಬೆವರು, ಗಾಳಿಯಲ್ಲಿರುವ ಉಪ್ಪಿನಂಶ ಮೂರೂ ಸೇರಿ ಒಳಗಿನ ಸ್ಪಂಜನ್ನು ಹಸಿಯಾಗಿಡುತ್ತವೆ. ಆಟ ಮುಗಿದ ಕೂಡಲೇ ಒಣಬಟ್ಟೆಯಿಂದ ಎರಡೂ ಬದಿ ಒರೆಸಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಬಿಟ್ಟು, ನಂತರ ಸುರುಳಿ ಸುತ್ತಿ ನಿಲ್ಲಿಸಿಡಿ. ಮಡಚಬೇಡಿ. ಮಡಿಕೆ ಬಿದ್ದ ಕಡೆ ಒಳಗಿನ ವಾಹಕದ ಗೆರೆ ಸೀಳುತ್ತದೆ, ಅಲ್ಲಿಂದಾಚೆಗಿನ ಬಾಣ ಸತ್ತಂತೆಯೇ. ಸುರುಳಿಯನ್ನು ಇಡುವ ಚೀಲದಲ್ಲಿ ಔಷಧಿ ಡಬ್ಬಿ, ಹೊಸ ಚಪ್ಪಲಿಯ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಟ್ಟು ಹಾಕಿ.

ಬಿಸಿಲು ಕಾಣದ ದಿನಗಳಲ್ಲಿ ಬಟ್ಟೆಯ ಜೊತೆಗೆ ಮ್ಯಾಟನ್ನೂ ಬಚ್ಚಲ ಒಲೆಯ ಮೇಲಿನ ಗಳಕ್ಕೆ ನೇತುಹಾಕಿದ ನೆಂಟರೊಬ್ಬರು ನನಗಿದ್ದಾರೆ. ಮೂರನೆಯ ದಿನಕ್ಕೆ ಅದು ಹಪ್ಪಳದಂತಾಗಿತ್ತು. ಪ್ಲಾಸ್ಟಿಕ್ಕಿಗೆ ಬೆಂಕಿಯ ಬಿಸಿಯೂ ಕಡು ಬಿಸಿಲೂ ಆಗುವುದಿಲ್ಲ.

ಬಾಣ ಕೆಟ್ಟಾಗ ಮೊದಲು ಅದು ಯಾವ ಬಗೆಯ ಕೇಡು ಎಂದು ನೋಡಿ. ತುಳಿದರೂ ದಾಖಲಾಗದಿದ್ದರೆ ಒಳಗಿನ ಗೆರೆ ತುಂಡಾಗಿದೆ ಅಥವಾ ಸಂಪರ್ಕದ ಜಾಗದಲ್ಲಿ ಕಿಲುಬು ಕಟ್ಟಿದೆ. ತುಳಿಯದೆಯೂ ಸದಾ ಒತ್ತಿದಂತೆ ತೋರಿಸುತ್ತಿದ್ದರೆ ತೇವ ಸೇರಿದೆ ಅಥವಾ ಸ್ಪಂಜು ಚಪ್ಪಟೆಯಾಗಿದೆ. ಎರಡನೆಯದು ಒಂದೆರಡು ದಿನ ಒಣಗಿಸಿದರೆ ಎಷ್ಟೋ ಸಲ ತಾನಾಗಿ ಸರಿಹೋಗುತ್ತದೆ. ಮೊದಲನೆಯದಕ್ಕೆ ಅಂಚಿನ ಹೊಲಿಗೆ ಬಿಚ್ಚಿ, ಮೊಬೈಲ್ ದುರಸ್ತಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಸಂಪರ್ಕದ ಜಾಗವನ್ನು ಮೆಲ್ಲಗೆ ಒರೆಸಿ, ಪೂರ್ತಿ ಆರಿದ ಮೇಲೆ ಮತ್ತೆ ಹೊಲಿಯಬೇಕು. ಯುಎಸ್‌ಬಿ ಕಿತ್ತಿಟ್ಟೇ ಈ ಕೆಲಸಕ್ಕೆ ಕೈ ಹಾಕಿ.

ಆಟದ ನಡುವೆ ಕರೆಂಟು ಹೋದರೆ ಮ್ಯಾಟ್ ಕೆಡುತ್ತದೆಯೇ?

ಇಲ್ಲ. ಯುಎಸ್‌ಬಿ ಮ್ಯಾಟಿಗೆ ಸಿಗುವುದು ಕೇವಲ 5 ವೋಲ್ಟ್, ಅದೂ ಲ್ಯಾಪ್‌ಟಾಪಿನಿಂದ. ಗುಡುಗು ಮಿಂಚಿರುವಾಗ ಟಿವಿ ಮತ್ತು ಲ್ಯಾಪ್‌ಟಾಪಿನ ಚಾರ್ಜರ್ ಎರಡನ್ನೂ ಪ್ಲಗ್ಗಿನಿಂದ ಕಿತ್ತು, ಬ್ಯಾಟರಿಯ ಮೇಲೆ, ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲೇ ಆಡಿ.

## ಹೆಜ್ಜೆ ಕೂಡಿಸುವಾಗ

ಸುಲಭದ ಹಾಡಿನಲ್ಲೂ ನಾನು ಹಿಂದೆ ಬೀಳುತ್ತೇನೆ, ಬೇಗ ಸುಸ್ತಾಗುತ್ತದೆ. ಮಕ್ಕಳು ಹೇಗೆ ಅಷ್ಟು ಸಲೀಸಾಗಿ ಆಡುತ್ತಾರೆ?

ನೀವು ಪ್ರತಿ ಹೆಜ್ಜೆಯ ನಂತರ ನಡುವಿನ ಚೌಕಕ್ಕೆ ಮರಳುತ್ತಿರಬೇಕು. ಹೊಸಬರಲ್ಲಿ ಬಹುಪಾಲು ಮಂದಿ ಮಾಡುವುದು ಇದನ್ನೇ. ಎಡಕ್ಕೆ ಒಂದು ಹೆಜ್ಜೆ, ನಡುವಿಗೆ ವಾಪಸು, ಬಲಕ್ಕೆ ಒಂದು ಹೆಜ್ಜೆ, ಮತ್ತೆ ವಾಪಸು. ಹೀಗೆ ಮಾಡಿದರೆ ಹಾಡು ಕೇಳಿದ್ದಕ್ಕಿಂತ ಎರಡು ಪಟ್ಟು ಹೆಜ್ಜೆ ನೀವು ಹಾಕುತ್ತಿದ್ದೀರಿ ಎಂದಾಯಿತು. ನಡುವಿನ ಚೌಕಕ್ಕೆ ಈ ಆಟದಲ್ಲಿ ಕೆಲಸವೇ ಇಲ್ಲ. ಇಟ್ಟ ಪಾದವನ್ನು ಅಲ್ಲೇ ಬಿಡಿ, ಮುಂದಿನ ಬಾಣಕ್ಕೆ ಇನ್ನೊಂದು ಪಾದ ಹೋಗಲಿ. ಸುಮ್ಮನೆ ಬಾಣದ ಮೇಲೆ ನಿಂತಿರುವುದರಿಂದ ತಪ್ಪೇನೂ ದಾಖಲಾಗುವುದಿಲ್ಲ. ಎಡ, ಬಲ, ಎಡ, ಬಲ ಎಂದು ನಡೆಯುವಾಗ ಹೇಗೋ ಹಾಗೆಯೇ ಪಾದಗಳು ಸರದಿಯಂತೆ ಚಲಿಸಬೇಕು.

ಎರಡನೆಯ ತಪ್ಪು ಕಾಲನ್ನು ನೋಡುವುದು. ಚಾಪೆಯ ಬಾಣಗಳ ಜಾಗ ಒಂದು ವಾರದಲ್ಲಿ ಪಾದಕ್ಕೆ ತಿಳಿಯುತ್ತದೆ. ಕತ್ತಲೆಯಲ್ಲಿ ಮನೆಯ ಹೊಸ್ತಿಲನ್ನು ನಾವು ಎಡವದೆ ದಾಟುವುದಿಲ್ಲವೇ? ಕಣ್ಣು ಪರದೆಯ ಮೇಲ್ತುದಿಗಿಂತ ಸ್ವಲ್ಪ ಕೆಳಗೆ ನೆಟ್ಟಿರಲಿ, ಆಗ ಮುಂದಿನ ಎರಡು ಮೂರು ಬಾಣಗಳು ಒಟ್ಟಿಗೆ ಕಾಣುತ್ತವೆ.

ಮೂರನೆಯದನ್ನು ಹೇಳಿದರೆ ಯಾರೂ ಮೊದಲಿಗೆ ನಂಬುವುದಿಲ್ಲ: ಬಾಣಗಳು ಮೇಲೇರುವ ವೇಗವನ್ನು ಹೆಚ್ಚಿಸಿದರೆ ಆಟ ಸುಲಭವಾಗುತ್ತದೆ. ಆಯ್ಕೆಗಳಲ್ಲಿ ಒಂದೂವರೆ ಪಟ್ಟು, ಎರಡು ಪಟ್ಟು ಎಂದು ಇಟ್ಟುಕೊಂಡಾಗ ಹಾಡಿನ ವೇಗ ಹೆಚ್ಚುವುದಿಲ್ಲ, ಬಾಣಗಳ ನಡುವಿನ ಅಂತರ ಹೆಚ್ಚುತ್ತದೆ. ಒತ್ತೊತ್ತಾಗಿ ಬರೆದ ಸಾಲನ್ನು ಬಿಡಿಸಿ ಬರೆದಂತೆ ಕಣ್ಣಿಗೆ ಹಗುರವಾಗುತ್ತದೆ. ಬಣ್ಣಗಳಿಗೂ ಅರ್ಥವಿದೆ. ಸಾಮಾನ್ಯ ಏರ್ಪಾಡಿನಲ್ಲಿ ಕೆಂಪು ಬಾಣ ತಾಳದ ಪೂರ್ಣ ಪೆಟ್ಟಿನ (ಬೀಟ್) ಮೇಲೆ ಬೀಳುತ್ತದೆ, ನೀಲಿ ಎರಡು ಪೆಟ್ಟುಗಳ ಸರಿ ನಡುವೆ. ಎಫ್7 ಕೀಲಿ ಒತ್ತಿದರೆ ಸ್ಟೆಪ್‌ಮೇನಿಯಾ ಪ್ರತಿ ಬಾಣಕ್ಕೂ ಒಂದು ಚಪ್ಪಾಳೆಯ ಸದ್ದು ಮಾಡುತ್ತದೆ. ಒಂದೆರಡು ದಿನ ಆ ಸದ್ದಿನ ಜೊತೆಗೆ ಆಡಿದರೆ ಕಿವಿ ಮುಂದಾಗಿ ಕಣ್ಣು ಹಿಂದಾಗುತ್ತದೆ, ಅದೇ ಬೇಕಾದದ್ದು.

ತಾಳಕ್ಕೆ ಸರಿಯಾಗಿಯೇ ಕಾಲಿಡುತ್ತಿದ್ದೇನೆ, ಆದರೂ ಆಟ ತಪ್ಪು ಎನ್ನುತ್ತದೆ. ಮ್ಯಾಟ್ ಕೆಟ್ಟಿದೆಯೇ?

ಎಲ್ಲ ಹೆಜ್ಜೆಗಳೂ ಒಂದೇ ಸಮನಾಗಿ ತಡವಾಗುತ್ತಿದ್ದರೆ ದೋಷ ಮ್ಯಾಟಿನದ್ದಲ್ಲ, ಟಿವಿ ಅಥವಾ ಸ್ಪೀಕರಿನದು. ಸ್ಟೆಪ್‌ಮೇನಿಯಾದ ಸಹಜ ಏರ್ಪಾಡಿನಲ್ಲಿ ಅತ್ಯುತ್ತಮ ಎನಿಸಿಕೊಳ್ಳಲು ಹೆಜ್ಜೆಯು ತಾಳಕ್ಕಿಂತ 22.5 ಮಿಲಿಸೆಕೆಂಡಿನೊಳಗೆ, ಅದರ ಕೆಳಗಿನ ದರ್ಜೆಗೆ 45 ಮಿಲಿಸೆಕೆಂಡಿನೊಳಗೆ, ಮೂರನೆಯದಕ್ಕೆ 90 ಮಿಲಿಸೆಕೆಂಡಿನೊಳಗೆ ಬೀಳಬೇಕು. ಬ್ಲೂಟೂತ್ ಸ್ಪೀಕರ್ ಸದ್ದನ್ನು ಸುಲಭವಾಗಿ 100ರಿಂದ 200 ಮಿಲಿಸೆಕೆಂಡು ತಡಮಾಡುತ್ತದೆ. ಅಂದರೆ ನಿಮ್ಮ ಕಿವಿ ಸರಿ, ಕಾಲು ಸರಿ, ಆದರೆ ಹಾಡೇ ತಡವಾಗಿ ಬಂದಿದೆ. ತಂತಿಯ ಸ್ಪೀಕರ್ ಬಳಸಿ. ಟಿವಿಯ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಎಂಬುದನ್ನು ಹುಡುಕಿ ಹಾಕಿ; ಚಿತ್ರವನ್ನು ಚೆಂದಗಾಣಿಸಲು ಟಿವಿ ತೆಗೆದುಕೊಳ್ಳುವ ಸಮಯ ಅದರಿಂದ ತಗ್ಗುತ್ತದೆ. ಉಳಿದ ಚೂರುಪಾರು ವ್ಯತ್ಯಾಸಕ್ಕೆ ಎಫ್6 ಕೀಲಿಯಿಂದ ತಾನಾಗಿ ಹೊಂದಿಸಿಕೊಳ್ಳುವ ವ್ಯವಸ್ಥೆಯಿದೆ. ನಿಮಗೆ ಚೆನ್ನಾಗಿ ಪಳಗಿದ ಒಂದು ಸುಲಭ ಹಾಡನ್ನು ಆಡುತ್ತ, ಪರದೆಯನ್ನು ಮರೆತು, ಕಿವಿಗೆ ಕೇಳಿದಂತೆ ಹೆಜ್ಜೆ ಹಾಕಿದರೆ ತಂತ್ರಾಂಶವೇ ಅಳೆದು ಸರಿಪಡಿಸುತ್ತದೆ.

ಬರಿಗಾಲಿನಲ್ಲಿ ಆಡಬೇಕೇ, ಶೂ ಹಾಕಬೇಕೇ?

ಮೆತ್ತನೆಯ ಮ್ಯಾಟಿಗೆ ಬರಿಗಾಲೇ ಸರಿ, ಶೂ ಅದನ್ನು ಹರಿಯುತ್ತದೆ. ಮ್ಯಾಟಿನ ಬದಲು ಬಳಸುವ ಗಟ್ಟಿಯಾದ ಮರದ ಅಥವಾ ಲೋಹದ ಪ್ಯಾಡಿಗೆ ತೆಳು ಅಡಿಯ ಶೂ ಒಳ್ಳೆಯದು. ಬರೀ ಕಾಲುಚೀಲ ಹಾಕಿಕೊಂಡು ಎಲ್ಲಿಯೂ ಬೇಡ.

## ಮೈಗೆ ಸಂಬಂಧಿಸಿದ್ದು

ಇದರಿಂದ ನಿಜವಾಗಿಯೂ ವ್ಯಾಯಾಮ ಆಗುತ್ತದೆಯೇ? ದಿನವೂ ಟ್ಯಾಗೋರ್ ಕಡಲತೀರದಲ್ಲಿ ನಡೆಯುತ್ತಿದ್ದೆ, ಮಳೆಗಾಲದಲ್ಲಿ ಅದು ನಿಂತುಹೋಗುತ್ತದೆ.

ಆಗುತ್ತದೆ, ಆದರೆ ಎಷ್ಟು ಎಂಬುದು ನೀವು ಯಾವ ಮಟ್ಟದಲ್ಲಿ ಆಡುತ್ತೀರಿ ಎಂಬುದರ ಮೇಲೆ ನಿಂತಿದೆ. ದೈಹಿಕ ಚಟುವಟಿಕೆಗಳಿಗೆ ತಗಲುವ ಶಕ್ತಿಯನ್ನು ಮೆಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಸುಮ್ಮನೆ ಕುಳಿತಿರುವುದು 1 ಮೆಟ್, ಸಾಧಾರಣ ನಡಿಗೆ ಸುಮಾರು 3ರಿಂದ 3.5. ಬಿರುಸಾಗಿ ಆಡುವ ಡ್ಯಾನ್ಸ್ ಮ್ಯಾಟ್ ಆಟಕ್ಕೆ 2011ರ ಚಟುವಟಿಕೆ ಪಟ್ಟಿಯಲ್ಲಿ ಕೊಟ್ಟಿರುವುದು 7.2. ಮೆಟ್, ದೇಹದ ತೂಕ ಮತ್ತು ಗಂಟೆ ಮೂರನ್ನೂ ಗುಣಿಸಿದರೆ ಕಿಲೊಕ್ಯಾಲರಿ ಸಿಗುತ್ತದೆ. 60 ಕಿಲೊ ತೂಕದವರು ಅರ್ಧ ಗಂಟೆ ಬಿರುಸಾಗಿ ಆಡಿದರೆ 216. ಇಲ್ಲೊಂದು ಮೋಸವಿದೆ: ಒಂದು ಹಾಡು ಒಂದೂವರೆ, ಎರಡು ನಿಮಿಷದ್ದು, ನಡುವೆ ಹಾಡು ಆರಿಸುವುದು, ನೀರು ಕುಡಿಯುವುದು, ಪಕ್ಕದವರಿಗೆ ಜಾಗ ಬಿಡುವುದು ಎಲ್ಲ ಇರುತ್ತದೆ. ಅರ್ಧ ಗಂಟೆಯಲ್ಲಿ ಕಾಲುಗಳು ನಿಜವಾಗಿ ಆಡಿದ್ದು 20 ನಿಮಿಷವಾದರೆ ಲೆಕ್ಕ 144ಕ್ಕೆ ಇಳಿಯುತ್ತದೆ. ಸುಲಭದ ಮಟ್ಟದಲ್ಲಿ ಆಡುವವರಿಗೆ ಅದು ಚುರುಕು ನಡಿಗೆಯ ಆಸುಪಾಸಿಗೆ ಬರುತ್ತದೆ, ಮಳೆಗಾಲದ ಬದಲಿ ವ್ಯವಸ್ಥೆಗೆ ಅಷ್ಟು ಸಾಕು.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ, ಅಥವಾ 75ರಿಂದ 150 ನಿಮಿಷ ಬಿರುಸು ಶ್ರಮದ ಚಟುವಟಿಕೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೀವು ಯಾವುದರಲ್ಲಿದ್ದೀರಿ ಎಂದು ತಿಳಿಯಲು ಗಡಿಯಾರ ಬೇಕಿಲ್ಲ. ಹೆಜ್ಜೆ ಹಾಕುತ್ತಲೇ ಮಾತನಾಡಲು ಬಂದು ಹಾಡಲು ಬಾರದಿದ್ದರೆ ಅದು ಮಧ್ಯಮ; ನಾಲ್ಕು ಮಾತಿಗೇ ಉಸಿರು ಎಳೆಯಬೇಕಾದರೆ ಬಿರುಸು. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯವು 2006ರಲ್ಲಿ ತನ್ನ 765 ಸರಕಾರಿ ಶಾಲೆಗಳಿಗೆ ಈ ಆಟವನ್ನು ತರುವ ಯೋಜನೆ ಪ್ರಕಟಿಸಿದ್ದು ಮಕ್ಕಳ ಬೊಜ್ಜಿನ ಚಿಂತೆಯಿಂದಲೇ.

ತೂಕ ಇಳಿಯುತ್ತದೆಯೇ?

ಆಡಿದ ಮೇಲೆ ಹಸಿವಾಯಿತೆಂದು ನಾಲ್ಕು ಬನ್ಸ್ ತಿಂದರೆ ಇಳಿಯುವುದಿಲ್ಲ.

ಅಮ್ಮನಿಗೆ ಅರವತ್ತೆರಡು, ಮಂಡಿ ನೋವಿದೆ. ಮೊಮ್ಮಕ್ಕಳ ಜೊತೆ ಆಡಬೇಕೆನ್ನುತ್ತಾರೆ. ಬಿಡಬಹುದೇ?

ಮಂಡಿ ನೋವಿಗೆ ಈಗಾಗಲೇ ಚಿಕಿತ್ಸೆ ಪಡೆಯುತ್ತಿದ್ದರೆ, ಹೃದಯದ ತೊಂದರೆ ಅಥವಾ ತಲೆಸುತ್ತು ಇದ್ದರೆ ಮೊದಲು ವೈದ್ಯರನ್ನು ಕೇಳಿ. ಅವರು ಒಪ್ಪಿದ ಮೇಲೆ ಜಿಗಿತಗಳನ್ನು ತೆಗೆದು, ಅತಿ ಸುಲಭದ ಮಟ್ಟದಲ್ಲಿ, ನಿಧಾನದ ಹಾಡುಗಳಿಗೆ ಆಡಲಿ. ಅವರ ಪಕ್ಕದಲ್ಲಿ ಅಲುಗಾಡದ ಭಾರದ ಕುರ್ಚಿಯೊಂದು ಇರಲಿ, ಅದರ ಬೆನ್ನನ್ನು ಹಿಡಿದುಕೊಂಡೇ ಆಡಬಹುದು. ಸೀರೆಯ ನೆರಿಗೆ ಕಾಲಿಗೆ ಸಿಕ್ಕದಂತೆ ಎತ್ತಿ ಕಟ್ಟಿಕೊಳ್ಳುವುದು ಮುಖ್ಯ. ಮೊದಲ ವಾರ ದಿನಕ್ಕೆ ನಾಲ್ಕೈದು ಹಾಡು ಸಾಕು. ಮರುದಿನ ಮಂಡಿ ಊದಿಕೊಂಡರೆ, ಅಥವಾ ಮೆಟ್ಟಿಲು ಇಳಿಯುವಾಗ ನೋವು ಹೆಚ್ಚಿದರೆ ನಿಲ್ಲಿಸಬೇಕು. ಕುಳಿತುಕೊಂಡು ಪಾದ ಮಾತ್ರ ಆಡಿಸುವುದಕ್ಕೂ ಅಡ್ಡಿಯಿಲ್ಲ. ಮೊಮ್ಮಕ್ಕಳ ಜೊತೆ ಅಂಕಗಳ ಪೈಪೋಟಿಗೆ ಇಳಿಯದಂತೆ ನೋಡಿಕೊಳ್ಳುವುದೇ ನಿಮಗೆ ಕಷ್ಟವಾದೀತು.

ಮಳೆಯಿಂದ ಶಾಲೆಗೆ ರಜೆ ಕೊಟ್ಟ ದಿನ ಮಕ್ಕಳು ಮ್ಯಾಟ್ ಬಿಟ್ಟು ಏಳುವುದೇ ಇಲ್ಲ. ತಡೆಯಬೇಕೇ?

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಓಡಾಟ ಬೇಕೇ ಬೇಕು, ಅಂಥ ದಿನ ಅದು ಬೇರೆಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ಒಂದೆರಡು ಗಂಟೆಗೆ ನಾನು ಕಣ್ಣು ಮುಚ್ಚುತ್ತೇನೆ. ಆದರೆ ಒಂದೇ ಸಮ ಮಿನುಗುವ ಬೆಳಕಿನಿಂದ ಅಪಸ್ಮಾರದ ಸೆಳೆತ ಬರುವ ಮಕ್ಕಳಿರುತ್ತಾರೆ. ಮನೆಯಲ್ಲಿ ಯಾರಿಗಾದರೂ ಅದರ ಇತಿಹಾಸವಿದ್ದರೆ ಹಿನ್ನೆಲೆಯ ಚಿತ್ರಗಳನ್ನು ಪೂರ್ತಿ ಮಸುಕು ಮಾಡಿ, ಕೋಣೆಯ ದೀಪ ಹಾಕಿಯೇ ಆಡಿಸಬೇಕು, ಅದಕ್ಕೂ ಮೊದಲು ವೈದ್ಯರ ಸಲಹೆ ಪಡೆಯಬೇಕು.

## ಪಳಗಿದವರಿಗೆ

ಒಂದು ಮಟ್ಟದ ಮೇಲೆ ಹೋಗಲಾಗುತ್ತಿಲ್ಲ. ಕಾಲುಗಳು ಒಂದಕ್ಕೊಂದು ತೊಡರುತ್ತವೆ.

ಮೊದಲು, ಹಾಡು ಎಷ್ಟು ಕಷ್ಟ ಎಂದು ಹೇಳುವ ಮಟ್ಟದ ಸಂಖ್ಯೆಯನ್ನು ನಂಬಿ ಕೊರಗಬೇಡಿ. ಕೊನಾಮಿಯ ಹಳೆಯ ಅಳತೆ 1ರಿಂದ 10ರವರೆಗಿತ್ತು, 2008ರಿಂದ ಅದು 20ರವರೆಗೆ ವಿಸ್ತರಿಸಿತು. ಹಳೆಯ 9 ಹೊಸ ಅಳತೆಯಲ್ಲಿ 12, 13ರ ಆಸುಪಾಸಿಗೆ ಬರುತ್ತದೆ, ಹವ್ಯಾಸಿಗಳು ಬರೆದ ಹಾಡುಗಳಲ್ಲಂತೂ ಒಬ್ಬೊಬ್ಬರದು ಒಂದೊಂದು ಅಳತೆ.

ಕಾಲು ತೊಡರುವುದು ಅಡ್ಡಗಾಲು ಹಾಕಬೇಕಾದ ಕಡೆ. ಎಡ, ಹಿಂದೆ, ಬಲ ಎಂಬ ಮೂರು ಬಾಣಗಳು ಸಾಲಾಗಿ ಬಂದವು ಎನ್ನಿ. ಎಡಗಾಲು ಎಡಕ್ಕೆ, ಬಲಗಾಲು ಹಿಂದಕ್ಕೆ ಹೋದ ಮೇಲೆ ಮೂರನೆಯದಾದ ಬಲದ ಬಾಣಕ್ಕೆ ಸರದಿಯಂತೆ ಎಡಗಾಲೇ ಹೋಗಬೇಕು. ಅದು ಬಲಗಾಲಿನ ಮುಂದಿನಿಂದ ದಾಟುತ್ತದೆ, ಸೊಂಟ ಬಲಕ್ಕೆ ತಿರುಗುತ್ತದೆ. ಮೂರರಲ್ಲಿ ನಡುವೆ ಬರುವುದು ‘ಹಿಂದೆ’ಯ ಬದಲು ‘ಮುಂದೆ’ಯ ಬಾಣವಾಗಿದ್ದರೆ ಎಡಗಾಲು ಬಲಗಾಲಿನ ಹಿಂದಿನಿಂದ ದಾಟಬೇಕು, ಸೊಂಟ ಎಡಕ್ಕೆ ತಿರುಗುತ್ತದೆ. ಹೊಸಬರು ಭುಜವನ್ನು ಟಿವಿಗೆ ಎದುರಾಗಿಯೇ ಹಿಡಿದುಕೊಂಡು ಕಾಲನ್ನು ಮಾತ್ರ ಎಳೆಯುತ್ತಾರೆ, ತೊಡರುವುದು ಅದಕ್ಕೇ. ಮೈ ತಿರುಗಲಿ, ಮುಖ ಮಾತ್ರ ಪರದೆಯತ್ತ ಇರಲಿ. ಹಾಡು ಹಾಕದೆ, ಅನ್ನ ಬೇಯುವ ಹೊತ್ತಿನಲ್ಲಿ ಅಡುಗೆಮನೆಯ ನೆಲದ ಮೇಲೆಯೇ ಈ ಎರಡನ್ನು ದಿನಕ್ಕೆ ಇಪ್ಪತ್ತು ಸಲ ಮಾಡಿದರೆ ಎರಡು ವಾರದಲ್ಲಿ ಕಾಲಿಗೆ ಕೂರುತ್ತದೆ.

ವೇಗದ್ದು ಬೇರೆ ಸಮಸ್ಯೆ. ನಿಮಿಷಕ್ಕೆ 150 ಪೆಟ್ಟಿನ ಹಾಡಿನಲ್ಲಿ ಪೆಟ್ಟಿಗೆ ಎರಡರಂತೆ ಬಾಣ ಬಂದರೆ ಸೆಕೆಂಡಿಗೆ 5 ಹೆಜ್ಜೆ, ನಾಲ್ಕರಂತೆ ಬಂದರೆ 10. ಇಷ್ಟು ಹೊತ್ತಿಗೆ ಪಾದ ಎತ್ತುವ ಎತ್ತರ ಒಂದೆರಡು ಅಂಗುಲಕ್ಕೆ ಇಳಿದಿರಬೇಕು. ಮೆತ್ತನೆಯ ಮ್ಯಾಟ್ ಇಲ್ಲಿಗೆ ಕೈಬಿಡುತ್ತದೆ.

ಹಳೆಯ ಪ್ಲೇಸ್ಟೇಷನ್ ಮ್ಯಾಟನ್ನು ಪರಿವರ್ತಕದ (ಅಡಾಪ್ಟರ್) ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿದೆ. ಎಲ್ಲ ಸರಿ, ಎಡ ಬಲ ಒಟ್ಟಿಗೆ ಜಿಗಿದರೆ ಮಾತ್ರ ಒಂದೂ ದಾಖಲಾಗುವುದಿಲ್ಲ. ಏಕೆ?

ನಿಮ್ಮ ಪರಿವರ್ತಕ ಬಾಣಗಳನ್ನು ನಾಲ್ಕು ಬೇರೆ ಬೇರೆ ಗುಂಡಿಗಳೆಂದು ತಿಳಿಸದೆ, ಜಾಯ್‌ಸ್ಟಿಕ್ಕಿನ ದಿಕ್ಕುಗಳೆಂದು ತಿಳಿಸುತ್ತಿದೆ. ಒಂದು ಕೋಲು ಏಕಕಾಲಕ್ಕೆ ಎಡಕ್ಕೂ ಬಲಕ್ಕೂ ವಾಲಲಾರದು. ಎರಡೂ ಒಂದನ್ನೊಂದು ಅಳಿಸಿಹಾಕಿ ನಡುವೆ ನಿಂತಂತಾಗುತ್ತದೆ. ತಂತ್ರಾಂಶದಲ್ಲಿ ಏನು ಮಾಡಿದರೂ ಇದು ಸರಿಹೋಗುವುದಿಲ್ಲ. ಬಾಣಗಳನ್ನು ಗುಂಡಿಗಳಾಗಿ ಕಳಿಸುವ, ಡ್ಯಾನ್ಸ್ ಮ್ಯಾಟಿಗೆ ಹೊಂದುತ್ತದೆ ಎಂದು ಸ್ಪಷ್ಟವಾಗಿ ಬರೆದಿರುವ ಪರಿವರ್ತಕವನ್ನೇ ತರಬೇಕು. ತಂದ ಕೂಡಲೇ ವಿಂಡೋಸಿನ ಗೇಮ್ ಕಂಟ್ರೋಲರ್ ಪರೀಕ್ಷೆಯ ಕಿಟಕಿಯಲ್ಲಿ ಎರಡೂ ಬಾಣ ಒತ್ತಿ ನೋಡಿ, ಎರಡು ದೀಪ ಹೊತ್ತಬೇಕು.

ಮರದ ಪ್ಯಾಡನ್ನು ನಾವೇ ಮಾಡಿಕೊಳ್ಳಬಹುದೇ?

ಮಾಡಿಕೊಳ್ಳಬಹುದು, ಬಡಗಿಯೊಬ್ಬರು ಪರಿಚಿತರಿದ್ದರೆ ಎರಡು ಭಾನುವಾರದ ಕೆಲಸ. ಬಾಣದ ಚೌಕ 11 ಅಂಗುಲದ್ದಿರಲಿ, ಆಟದಂಗಡಿಯ ಯಂತ್ರದ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಮೂರು ಸಾಲಿಗೆ ಮೂರರಂತೆ ಒಂಬತ್ತು ಚೌಕ, ಒಟ್ಟು 33 ಅಂಗುಲದ ಹಲಗೆ. ಅಡಿಗೆ 18 ಮಿಲಿಮೀಟರ್ ಪ್ಲೈವುಡ್, ಅದೂ ನಮ್ಮ ಹವೆಗೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ಡೇ ಆಗಬೇಕು. ಸಾದಾ ಪ್ಲೈ ಒಂದೇ ಮಳೆಗಾಲಕ್ಕೆ ಅಂಚಿನಲ್ಲಿ ಪದರ ಬಿಡುತ್ತದೆ, ನನ್ನ ಮೊದಲ ಪ್ಯಾಡ್ ಹಾಗೆಯೇ ಹೋಯಿತು. ಕತ್ತರಿಸಿದ ಅಂಚುಗಳಿಗೆ ಬಣ್ಣ ಬಳಿಯಿರಿ, ತಿರುಪುಗಳು ತುಕ್ಕು ಹಿಡಿಯದ ಉಕ್ಕಿನವಾಗಿರಲಿ.

ಮೂಲೆಯ ನಾಲ್ಕು ಮತ್ತು ನಡುವಿನ ಒಂದು ಚೌಕ ಕದಲದಂತೆ ಜಡಿದಿರಬೇಕು. ಬಾಣದ ನಾಲ್ಕು ಚೌಕಗಳ ಕೆಳಗೆ ಎರಡು ಲೋಹದ ತಗಡು, ಅವುಗಳ ಅಂಚಿನಲ್ಲಿ ಬಾಗಿಲ ಸಂದಿಗೆ ಅಂಟಿಸುವಂಥ ತೆಳು ಫೋಮ್ ಪಟ್ಟಿ. ಕಾಲಿಟ್ಟಾಗ ತಗಡುಗಳು ಮುಟ್ಟುತ್ತವೆ, ತೆಗೆದಾಗ ಫೋಮ್ ಅವನ್ನು ಬಿಡಿಸುತ್ತದೆ. ನಾಲ್ಕು ತಗಡಿನ ತಂತಿಗಳೂ ಒಂದು ಸಾಮಾನ್ಯ ತಂತಿಯೂ ಆರ್ಡುಯಿನೊ ಲಿಯೊನಾರ್ಡೊ ಬಗೆಯ, ನಾವೇ ಪ್ರೋಗ್ರಾಮ್ ಬರೆದು ಹಾಕಬಹುದಾದ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ ಸೇರಲಿ. ಅದರಲ್ಲಿರುವ ಎಟಿಮೆಗಾ32ಯು4 ಚಿಪ್ ಕಂಪ್ಯೂಟರಿಗೆ ತಾನೊಂದು ಕೀಲಿಮಣೆ ಎಂದೇ ಹೇಳಿಕೊಳ್ಳುತ್ತದೆ, ಬೇರೆ ಪರಿವರ್ತಕ ಬೇಡ. ತಗಡು ಅಲುಗಿ ಒಂದೇ ಹೆಜ್ಜೆ ಎರಡಾಗಿ ದಾಖಲಾಗದಂತೆ ಪ್ರೋಗ್ರಾಮಿನಲ್ಲಿ ಕೆಲವು ಮಿಲಿಸೆಕೆಂಡಿನ ತಡೆ ಹಾಕಬೇಕು. ಇನ್ನೂ ನಯ ಬೇಕೆನ್ನುವವರು ತಗಡಿನ ಬದಲು ಒತ್ತಡ ಅಳೆಯುವ ಸಂವೇದಕಗಳನ್ನು ಇಟ್ಟು, ಎಷ್ಟು ಒತ್ತಿದರೆ ಹೆಜ್ಜೆ ಎಂಬ ಮಿತಿಯನ್ನು ಬಾಣಬಾಣಕ್ಕೂ ಹೊಂದಿಸಿಕೊಳ್ಳುತ್ತಾರೆ. ಉಪ್ಪುಗಾಳಿಯಲ್ಲಿ ಕಿಲುಬು ಹಿಡಿಯಲು ತಗಡೇ ಇಲ್ಲದ ಆ ದಾರಿಯತ್ತ ಈಗ ನನ್ನ ಮನಸ್ಸೂ ವಾಲಿದೆ.

ಕನ್ನಡ ಹಾಡಿಗೆ, ಯಕ್ಷಗಾನದ ಪದ್ಯಕ್ಕೆ ನಾವೇ ಹೆಜ್ಜೆ ಬರೆಯಬಹುದೇ?

ಬರೆಯಬಹುದು, ನನ್ನ ಮಟ್ಟಿಗೆ ಈ ಹವ್ಯಾಸದ ಅತ್ಯಂತ ರುಚಿಯ ಭಾಗವೇ ಇದು. ಹೆಜ್ಜೆಯ ಕಡತದಲ್ಲಿ ಮುಖ್ಯವಾಗಿ ಮೂರು ಸಂಗತಿಗಳಿರುತ್ತವೆ: ಮೊದಲ ಪೆಟ್ಟು ಹಾಡಿನ ಯಾವ ಕ್ಷಣಕ್ಕೆ ಬೀಳುತ್ತದೆ, ನಿಮಿಷಕ್ಕೆ ಎಷ್ಟು ಪೆಟ್ಟು, ಯಾವ ಪೆಟ್ಟಿಗೆ ಯಾವ ಬಾಣ. ಆರೋವೋರ್ಟೆಕ್ಸ್ ಎಂಬ ಉಚಿತ ತಂತ್ರಾಂಶ ಮೊದಲ ಎರಡನ್ನು ತಾನೇ ಊಹಿಸುತ್ತದೆ. ಇತ್ತೀಚಿನ ಚಲನಚಿತ್ರ ಗೀತೆಗಳಲ್ಲಿ ತಾಳವನ್ನು ಕಂಪ್ಯೂಟರಿನಲ್ಲೇ ಕೂಡಿಸಿರುವುದರಿಂದ ವೇಗ ಆದಿಯಿಂದ ಅಂತ್ಯದವರೆಗೆ ಒಂದೇ, ಊಹೆ ಸರಿಯಾಗಿ ಕೂರುತ್ತದೆ. ಧ್ವನಿಯ ಕಡತ ಎಂಪಿ3ಯಾಗಿದ್ದರೆ ಆರಂಭದ ಮೌನ ಬೇರೆ ಬೇರೆ ತಂತ್ರಾಂಶಗಳಲ್ಲಿ ಬೇರೆಯಾಗಿ ಎಣಿಕೆಯಾಗಬಹುದು, ಆದ್ದರಿಂದ ಓಜಿಜಿ ರೂಪಕ್ಕೆ ಬದಲಿಸಿಕೊಳ್ಳುವುದು ಕ್ಷೇಮ. ಹಾಡಿನ ಹೆಸರನ್ನು ರೋಮನ್ ಅಕ್ಷರದಲ್ಲೇ ಬರೆಯಬೇಕಾಗುತ್ತದೆ, ಕನ್ನಡದ ಒತ್ತಕ್ಷರ, ಕಾಗುಣಿತ ಆ ಪರದೆಯಲ್ಲಿ ಸರಿಯಾಗಿ ಮೂಡುವುದಿಲ್ಲ. ಮನೆಯೊಳಗಿನ ಆಟಕ್ಕೆ ಸರಿ, ಆದರೆ ಹಾಡಿನ ಸಮೇತ ಕಡತವನ್ನು ಊರಿಗೆಲ್ಲ ಹಂಚುವ ಮೊದಲು ಹಾಡಿನ ಹಕ್ಕುದಾರರ ಒಪ್ಪಿಗೆ ಬೇಕು.

ಯಕ್ಷಗಾನದ ಪದ್ಯಕ್ಕೆ ಬಂದರೆ ಲೆಕ್ಕವೆಲ್ಲ ತಲೆಕೆಳಗು. ಭಾಗವತರು ಕುಣಿಯುವ ವೇಷವನ್ನು ನೋಡಿಕೊಂಡು ಹಾಡುತ್ತಾರೆ, ಗಡಿಯಾರವನ್ನು ನೋಡಿಕೊಂಡಲ್ಲ. ಪದ್ಯ ಮುಂದುವರಿದಂತೆ ಲಯ ಏರುತ್ತದೆ, ಚಂಡೆ ಸೇರಿದಾಗ ಇನ್ನಷ್ಟು. ಹೀಗಾಗಿ ಒಂದೇ ವೇಗ ನಮೂದಿಸಿದರೆ ಎರಡನೆಯ ಸಾಲಿಗೇ ಬಾಣಗಳು ಹಿಂದೆ ಬೀಳುತ್ತವೆ. ಪ್ರತಿ ತಾಳಾವರ್ತನದ ಮೊದಲ ಪೆಟ್ಟನ್ನು ಕಿವಿಯಿಂದ ಗುರುತಿಸಿ, ಅಲ್ಲಲ್ಲಿ ಹೊಸ ವೇಗ ನಮೂದಿಸುತ್ತ ಹೋಗಬೇಕು. ನಾಲ್ಕು ನಿಮಿಷದ ಪದ್ಯವೊಂದಕ್ಕೆ ನಾನು ಒಂದು ವಾರದ ಸಂಜೆಗಳನ್ನು ಕೊಟ್ಟಿದ್ದೇನೆ.

ಇನ್ನೊಂದು ತೊಡಕು ಈ ತಂತ್ರಾಂಶಗಳು ಎಲ್ಲವನ್ನೂ ನಾಲ್ಕು ಪೆಟ್ಟಿನ ಅಳತೆಗಳಾಗಿ ಕತ್ತರಿಸುವುದು. ಏಕತಾಳ, ಆದಿತಾಳಗಳು ಅದಕ್ಕೆ ಹೊಂದುತ್ತವೆ. ಏಳು ಅಕ್ಷರದ ತ್ರಿವುಡೆಯಲ್ಲಿ ಅಕ್ಷರಕ್ಕೆ ಒಂದು ಪೆಟ್ಟು ಎಂದಿಟ್ಟುಕೊಂಡರೆ ಆವರ್ತನದ ಮೊದಲ ಪೆಟ್ಟು ಪ್ರತಿ ಸಲವೂ ಬೇರೆ ಜಾಗಕ್ಕೆ ಬೀಳುತ್ತದೆ. ಇದಕ್ಕೆ ಹೆದರಬೇಕಿಲ್ಲ. ಏಳರ ನಾಲ್ಕು ಆವರ್ತನಗಳು ಸೇರಿದರೆ 28 ಪೆಟ್ಟು, ನಾಲ್ಕರ ಏಳು ಅಳತೆಗಳೂ 28, ಅಲ್ಲಿಗೆ ಎರಡೂ ಮತ್ತೆ ಕೂಡುತ್ತವೆ. ನಾನು ನಾಲ್ಕು ಆವರ್ತನಗಳಿಗೆ ಒಂದು ಕಟ್ಟು ಹೆಜ್ಜೆ ಬರೆದು, ಅದನ್ನೇ ನಕಲು ಮಾಡುತ್ತ ಹೋಗಿ, ಚಂಡೆಯ ಉರುಳಿಕೆ ಬಂದಲ್ಲಿ ಮಾತ್ರ ಬದಲಿಸುತ್ತೇನೆ; ಮುಕ್ತಾಯದ ಪೆಟ್ಟಿಗೆ ಎಡ ಬಲ ಎರಡನ್ನೂ ಒಟ್ಟಿಗೆ ಇಡುತ್ತೇನೆ. ಆ ಜಿಗಿತವನ್ನಂತೂ ಕೆಳಗಿನ ಮನೆಯವರೂ ಬಿಟ್ಟುಕೊಡಲು ಒಪ್ಪುವುದಿಲ್ಲ.